ಟಾಂಜಾನಿಯಾಕ್ಕೆ ಗೈಡ್‌ಬುಕ್ ಒಯ್ಯುವವರಿಗೆ
ಟಾಂಜಾನಿಯಾಕ್ಕೆ ಹೊರಟವರು ಗೈಡ್‌ಬುಕ್ಕಿನಲ್ಲಿ ಮೊದಲು ನೋಡಬೇಕಾದ್ದು ಅಚ್ಚಾದ ವರ್ಷ. 2021ಕ್ಕಿಂತ ಹಳೆಯದಾದರೆ, ದಾರ್ ಎಸ್ ಸಲಾಮ್‌ನಿಂದ ದೂರದೂರಿನ ಬಸ್ಸಿಗೆ ಉಬುಂಗೊ ಬಸ್ ನಿಲ್ದಾಣಕ್ಕೆ ಹೋಗಿ ಅನ್ನುತ್ತೆ. ಆ ನಿಲ್ದಾಣ ಈಗ ಊರಾಚೆಯ ಎಂಬೆಝಿಯಲ್ಲಿದೆ. ದಾರ್‌ನಿಂದ ರಾಜಧಾನಿ ದೊಡೊಮಾಗೆ 2024ರಲ್ಲಿ ಶುರುವಾದ ವಿದ್ಯುತ್ ರೈಲಂತೂ ಅದರಲ್ಲಿ ಇರೋದೇ ಇಲ್ಲ. ದರಗಳನ್ನು ನಂಬಲೇಬೇಡಿ.

ಆದರೂ ಪುಸ್ತಕ ಬೇಕು ಅನ್ನಿಸೋದು ಬೇಗ ಹಳತಾಗದ ಪುಟಗಳಿಗಾಗಿ. ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆ, ಅದರಲ್ಲಿ ಕೆಸರಾಗುವ ಕಚ್ಚಾ ರಸ್ತೆ, ಮತ್ತೆ ಮುಖ್ಯವಾಗಿ ಸ್ವಾಹಿಲಿ ಗಡಿಯಾರ. ಅಲ್ಲಿ ಗಂಟೆ ಎಣಿಸೋದು ಸೂರ್ಯೋದಯದಿಂದ: ನಮ್ಮ ಬೆಳಗಿನ ಏಳು ಅವರಿಗೆ ಒಂದು. ಬಸ್ಸಿನವರು ಬಾಯಲ್ಲಿ ‘ಹನ್ನೆರಡಕ್ಕೆ’ ಅಂದರೆ ಬೆಳಗಿನ ಆರೇ ಇರಬಹುದು (ಮಧ್ಯಾಹ್ನ ಹೋದರೆ ಬಸ್ಸು ಅರ್ಧ ದಾರಿಯಲ್ಲಿರುತ್ತೆ!). ಟಿಕೆಟ್ ಬರೆಸುವಾಗಲೇ ಬೆಳಿಗ್ಗೆಯೋ ಸಂಜೆಯೋ ಕೇಳಿಕೊಳ್ಳಿ. ಪುಸ್ತಕ ನೆನೆಯದಿರಲೆಂದು ಪ್ಲಾಸ್ಟಿಕ್ ಕೈಚೀಲ ಮಾತ್ರ ಒಯ್ಯಬೇಡಿ, 2019ರ ಜೂನ್‌ನಿಂದ ನಿಷೇಧವಿದೆ.