ಹೊಸ ಲಾರಿಗೆ ಒಳ್ಳೆ ಬಾಡಿಗೆ ಬೇಕಂದ್ರೆ

ಸ್ವಂತ ಲಾರಿ ತೆಗೆದುಕೊಂಡವರೆಲ್ಲ ಕೇಳೋದು ಒಂದೇ, ಒಳ್ಳೆ ಬಾಡಿಗೆ ಎಲ್ಲಿ ಸಿಗುತ್ತದೆ ಅಂತ. ನಾನಾದರೆ ವಾಪಸ್ ಲೋಡು ಏನಿದೆ ಅಂತ ಮೊದಲು ವಿಚಾರಿಸುತ್ತೇನೆ. ಗಂಗಾವತಿಯಿಂದ ಅಕ್ಕಿ ತುಂಬಿಕೊಂಡು ಬೆಂಗಳೂರಿಗೆ ಬರೋದು ಸುಲಭ. ಆದರೆ ಯಶವಂತಪುರದಲ್ಲಿ ಇಳಿಸಿ, ಆಮೇಲೆ ಪೀಣ್ಯ, ನೆಲಮಂಗಲದ ಕಡೆ ಲೋಡಿಗಾಗಿ ಸುಮ್ನೆ ಕಾಯುತ್ತಾ ಕೂತರೆ, ಇಲ್ಲ ಖಾಲಿ ಗಾಡಿ ಓಡಿಸಿಕೊಂಡು ಊರಿಗೆ ಹೋದರೆ, ಡೀಸೆಲ್, ಟೋಲ್, ಕಂತು ಸೇರಿ ಬಂದ ಬಾಡಿಗೆಯನ್ನೆಲ್ಲ ನುಂಗಿಬಿಡುತ್ತವೆ. ಹೋಗಿ ಬರುವ ಒಟ್ಟು ಕಿಲೋಮೀಟರಿಗೆ ಎಷ್ಟು ಉಳಿಯಿತು? ಅದೇ ಲೆಕ್ಕ.

ಲೋಡು ಕೊಡಿಸುವ ಬ್ರೋಕರ್ ಬೇಡವೇ ಬೇಡ ಅನ್ನುವವರ ಮಾತು ಕೇಳಬೇಡಿ. ಹೊಸಬರಿಗೆ ಪಾರ್ಟಿಗಳ, ಅಂದ್ರೆ ಸರಕು ಕಳಿಸುವವರ, ಪರಿಚಯ ಎಲ್ಲಿರುತ್ತದೆ, ಅಲ್ವಾ? ಆದರೆ ಕಮಿಷನ್ ಎಷ್ಟು, ಅಡ್ವಾನ್ಸ್ ಎಷ್ಟು, ಬಾಕಿ ಯಾವಾಗ, ಹಮಾಲಿ ಯಾರದ್ದು, ಇಳಿಸೋದು ತಡವಾದರೆ ಹಾಲ್ಟಿಂಗ್, ಅಂದ್ರೆ ಗಾಡಿ ಕಾದಿದ್ದಕ್ಕೆ ದುಡ್ಡು, ಕೊಡುತ್ತಾರಾ, ಇದನ್ನೆಲ್ಲ ಲೋಡು ಹತ್ತುವ ಮೊದಲೇ ವಾಟ್ಸಾಪ್‌ನಲ್ಲಿ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ. ನಿಧಾನವಾಗಿ ಮಿಲ್‌ನವರ, ಮಂಡಿಯವರ ನಂಬರ್ ಸೇರಿಸುತ್ತಾ ಹೋಗಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಜೋರಿದ್ದಾಗ ಗಾಡಿಗೆ ಬೇಡಿಕೆ ಜಾಸ್ತಿ, ಆಗ ರೇಟು ಕೇಳೋಕೆ ಹಿಂಜರಿಯಬೇಡಿ.

ಇನ್ನು ಓವರ್‌ಲೋಡ್ ಆಸೆ. 10 ಚಕ್ರದ ಲಾರಿಗೆ ಗಾಡಿ, ಸರಕು ಸೇರಿ 28.5 ಟನ್ ಮಿತಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಪ್ರಕಾರ ಮೀರಿದರೆ 20,000 ರೂಪಾಯಿ ದಂಡ, ಹೆಚ್ಚುವರಿ ಟನ್‌ಗೆ ಮತ್ತೆ 2,000. ಎರಡು ಟನ್ ಜಾಸ್ತಿ ಹಾಕಿ ಅಂತ ಒತ್ತಾಯ ಮಾಡುವ ಪಾರ್ಟಿಗೆ ನಾನು ಗಾಡಿ ಕೊಡುವುದಿಲ್ಲ.