ಬೆಂಬಲ ತೆಗೆದು ಕುಮ್ಮಕ್ಕು ಹಾಕಿದೆ

ಜಿಲ್ಲಾ ಪುಟದ ಡೆಸ್ಕಿನಲ್ಲಿ ಕೂತವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಸಪ್ಪೆ ಪದ ಕಂಡರೆ ಕೈ ಸುಮ್ಮನಿರುವುದಿಲ್ಲ. ‘ಹೇಳಿದರು’ ಅನ್ನುವುದು ‘ಕಿಡಿಕಾರಿದರು’ ಆಗುತ್ತದೆ. ‘ಉತ್ತರಿಸಿದರು’ ಹೋಗಿ ‘ಟಾಂಗ್ ಕೊಟ್ಟರು’ ಬರುತ್ತದೆ. ಯಾರೋ ಪಾಪ ಒಂದು ಪ್ರಶ್ನೆ ಕೇಳಿದರೂ ‘ತರಾಟೆಗೆ ತೆಗೆದುಕೊಂಡರು’. ನನಗೆ ಈ ಚಟ ಸ್ವಲ್ಪ ಜಾಸ್ತಿಯೇ ಇತ್ತು.

ಆ ರಾತ್ರಿ ಬಂದಿದ್ದು ಒಂದು ಹಾಸ್ಟೆಲ್ ಸುದ್ದಿ. ಊಟ ಸರಿಯಿಲ್ಲ ಎಂದು ಹುಡುಗರು ತಾಲ್ಲೂಕು ಕಚೇರಿ ಮುಂದೆ ತಟ್ಟೆ ಹಿಡಿದು ಕೂತಿದ್ದರು. ನಮ್ಮ ಸ್ಟ್ರಿಂಗರ್, ಅಂದರೆ ಅಲ್ಲಿನ ಅರೆಕಾಲಿಕ ವರದಿಗಾರ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದ್ದ. ಫಾಂಟ್ ಬದಲಿಸುವ ನಮ್ಮ ಕನ್ವರ್ಟರ್ ಎಂದಿನಂತೆ ಅರ್ಕಾವತ್ತುಗಳನ್ನೆಲ್ಲ ಕಿತ್ತು ಎಲ್ಲೆಲ್ಲೋ ಇಟ್ಟಿತ್ತು. ಅದನ್ನು ಸರಿಮಾಡುವಷ್ಟರಲ್ಲಿ ಪೇಜ್ ಬಿಡುವ ಹೊತ್ತು ಬಂತು. ‘ಊಟ ಸರಿಯಿಲ್ಲ: ವಿದ್ಯಾರ್ಥಿಗಳ ಪ್ರತಿಭಟನೆ’ ಎಂದು ಹೆಡ್ಡಿಂಗ್ ಕೊಟ್ಟೆ. ಪೇಜ್ ಮಾಡುವ ಹುಡುಗ ತಲೆ ಎತ್ತದೆಯೇ, ‘ಸರ್, ಇದೇ ಹೆಡ್ಡಿಂಗ್ ಮೊನ್ನೆ ಬೇರೆ ಹಾಸ್ಟೆಲ್‌ಗೆ ಹೋಗಿದೆ’ ಅಂದ.

ಆಗ ಕಣ್ಣು ಕೊನೆಯ ಪ್ಯಾರಾದ ಮೇಲೆ ಬಿತ್ತು. ‘ಹಾಸ್ಟೆಲ್‌ನ ಅಡುಗೆ ಸಹಾಯಕಿಯೂ ವಿದ್ಯಾರ್ಥಿಗಳಿಗೆ ಬೆಂಬಲ ನೀಡಿದರು’ ಎಂದಿತ್ತು. ಇಡೀ ಸುದ್ದಿಯಲ್ಲಿ ಹೊಸದು ಇದೊಂದೇ ಅನ್ನಿಸಿತು. ‘ಹಾಸ್ಟೆಲ್ ಹುಡುಗರ ಧರಣಿಗೆ ಅಡುಗೆ ಸಿಬ್ಬಂದಿ ಬೆಂಬಲ’ ಎಂದು ಟೈಪ್ ಮಾಡಿ ನೋಡಿದೆ. ಸಪ್ಪೆ. ಬೆಂಬಲ ಅಳಿಸಿ ಕುಮ್ಮಕ್ಕು ಹಾಕಿದೆ. ಡಬಲ್ ಕಾಲಂನಲ್ಲಿ ಹೆಡ್ಡಿಂಗ್ ಸೊಗಸಾಗಿ ಕೂತಿತು. ಬೆಂಬಲಕ್ಕೂ ಮೂರಕ್ಷರ, ಕುಮ್ಮಕ್ಕಿಗೂ ಮೂರಕ್ಷರ. ಜಾಗ ಸಾಲಲಿಲ್ಲ ಎಂಬ ನೆಪವೂ ನನಗಿಲ್ಲ. ಸ್ಟ್ರಿಂಗರ್‌ಗೆ ಒಂದು ಫೋನ್ ಮಾಡಿ, ‘ಆ ಹೆಂಗಸು ಏನು ಮಾಡಿದ್ರು?’ ಎಂದು ಕೇಳಲು ಅರ್ಧ ನಿಮಿಷ ಸಾಕಿತ್ತು. ಕೇಳಬೇಕು ಅಂತ ಹೊಳೆಯಲೇ ಇಲ್ಲ.

ಒಂದು ಸಂಜೆ ಡೆಸ್ಕಿನ ಫೋನ್ ರಿಂಗಾಯಿತು.

‘ಪೇಪರ್‌ನೋರಾ? ನಾನು ಹಾಸ್ಟೆಲ್ ಅಡುಗೆಯವಳು ಸಾರ್. ನಂಗೆ ನೋಟಿಸ್ ಕೊಟ್ಟವ್ರೆ. ಓದ್ತೀನಿ ಕೇಳಿ.’

ಒಂದೊಂದೇ ಪದ ಬಿಡಿಸಿಕೊಂಡು ಓದಿದರು. ‘ಪತ್ರಿಕೆಯಲ್ಲಿ ವರದಿಯಾಗಿರುವಂತೆ ತಾವು ವಿದ್ಯಾರ್ಥಿಗಳಿಗೆ ಕುಮ್ಮಕ್ಕು ನೀಡಿರುವುದು ಮೇಲ್ನೋಟಕ್ಕೆ ಕಂಡುಬಂದಿರುತ್ತದೆ...’ ಜೊತೆಗೆ ನಮ್ಮ ಕಟಿಂಗ್ ಲಗತ್ತಿಸಿದ್ದರಂತೆ. ಓದಿ ಮುಗಿಸಿ ಕೇಳಿದರು: ‘ನಾನೇನು ಕೊಟ್ಟೆ ಸಾರ್? ಹುಡುಗ್ರು ಬೆಳಿಗ್ಗೆಯಿಂದ ಬಿಸಿಲಲ್ಲಿ ಕೂತಿದ್ವು. ಒಂದು ಬಕೆಟ್ ಮಜ್ಜಿಗೆ ತಗೊಂಡೋಗಿ ಕೊಟ್ಟೆ.’

ಏನು ಹೇಳುವುದು? ‘ವಿಚಾರಿಸ್ತೀನಮ್ಮ’ ಅಂದೆ. ಹೊರಗುತ್ತಿಗೆ ನೌಕರಿ. ನಾಳೆಯಿಂದ ಬರಬೇಡ ಅಂದರೆ ಮುಗೀತು. ಸ್ಟ್ರಿಂಗರ್‌ಗೆ ಫೋನ್ ಮಾಡಿದರೆ, ‘ನಾನು ಬೆಂಬಲ ಅಂತ ಬರ್ದಿದ್ದೆ ಸರ್’ ಎಂದು ಒಂದೇ ಮಾತಲ್ಲಿ ಕೈತೊಳೆದುಕೊಂಡ. ಅವನು ಹೇಳಿದ್ದು ನಿಜವೇ.

ಚೀಫ್ ಕ್ಯಾಬಿನ್‌ಗೆ ಕರೆದರು. ಪೇಜನ್ನು ಟೇಬಲ್ ಮೇಲೆ ಹರಡಿ, ಆ ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಬೈಯಲಿಲ್ಲ. ಸುಮ್ನೆ ನನ್ನ ಮುಖ ನೋಡುತ್ತ ಕೂತರು. ಆ ಮೌನ ತಡೆಯಲಾಗದೆ ನಾನೇ ಬುದ್ಧಿವಂತಿಕೆ ತೋರಿಸಲು ಹೋದೆ.

‘ಸರ್, ಕುಮ್ಮಕ್ಕು ಅಂದ್ರೆ ಮೂಲದಲ್ಲಿ ಸಹಾಯ ಅಂತಾನೇ ಅರ್ಥ. ಪಾರ್ಸಿಯಿಂದ ಬಂದಿದ್ದು. ನಿಮ್ಮ ಕಡೆ ಕುಮ್ಕಿ ಜಮೀನು ಅಂತೀರಲ್ಲ, ಅದೂ ಇದೇ ಪದ.’

ಚೀಫ್ ಪುತ್ತೂರು ಕಡೆಯವರು. ‘ಕುಮ್ಕಿ ನನಗೆ ಹೇಳಿಕೊಡ್ಬೇಡ ಮಾರಾಯ. ವರ್ಗ ಜಾಗ ಅಂದ್ರೆ ಸ್ವಂತ ಪಟ್ಟಾ ಜಮೀನು, ಅದರಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರ್ಲಿಕ್ಕೆ ಹಕ್ಕು. ನಮ್ಮ ಮನೆಗೂ ಉಂಟು. ಕಾಡಾನೆ ಹಿಡಿಯುವಾಗ ಸಹಾಯಕ್ಕೆ ಹೋಗುವ ಕುಮ್ಕಿ ಆನೆಯೂ ಗೊತ್ತುಂಟು. ಈಗ ನೀನು ಹೇಳು. ಮಗಳ ಮದುವೆಗೆ ಅಕ್ಕಪಕ್ಕದವರು ತುಂಬಾ ಕುಮ್ಮಕ್ಕು ಕೊಟ್ರು ಅಂತ ಯಾರಾದ್ರೂ ಹೇಳ್ತಾರಾ?’

ನನಗೆ ನಗು ಬಂತು. ನಗುವ ಸಮಯ ಅದಾಗಿರಲಿಲ್ಲ.

‘ನೋಟಿಸ್ ಬರೆದವ ನಿಘಂಟು ನೋಡ್ಲಿಲ್ಲ. ಪೇಪರ್ ನೋಡಿದ’ ಅಂದರು. ಅಷ್ಟೇ. ಇನ್ನೊಂದು ಸ್ವಲ್ಪ ಬೈದಿದ್ದರೆ ವಾಸಿ ಇತ್ತು.

ಮರುದಿನದ ಪೇಜಿನಲ್ಲಿ ಸ್ಪಷ್ಟನೆ ಹಾಕಿದೆವು. ಹೆಡ್ಡಿಂಗ್ ಇಡೀ ತಾಲ್ಲೂಕಿಗೆ ಕಾಣುವ ಹಾಗಿತ್ತು. ಸ್ಪಷ್ಟನೆ ಮೂಲೆಯಲ್ಲಿ, ಟೆಂಡರ್ ಜಾಹೀರಾತಿನ ಕೆಳಗೆ, ಎರಡೇ ಸಾಲು. ಇದು ನಮ್ಮಲ್ಲಿ ನಡೆದುಕೊಂಡು ಬಂದ ರೂಢಿ, ಕೇಳುವವರಿಲ್ಲ. ಚೀಫ್ ತಾವೇ ಅಧಿಕಾರಿಗೆ ಫೋನ್ ಮಾಡಿದ ಮೇಲೆ ನೋಟಿಸ್ ಅಲ್ಲಿಗೇ ನಿಂತಿತು. ಕೆಲಸ ಉಳಿಯಿತು. ಆದರೆ ಆ ಹೆಂಗಸನ್ನು ಬೇರೆ ಹಾಸ್ಟೆಲ್‌ಗೆ ಹಾಕಿದರು. ಬಸ್ ಬದಲಿಸಿ ಹೋಗಬೇಕಂತೆ.

ಆಮೇಲಿಂದ ಈ ಜಾತಿಯ ಪದಗಳು ಕಂಡರೆ ನಿಂತು ನೋಡುತ್ತೇನೆ. ‘ಸದಸ್ಯರು ಕೆರಳಿದರು’ ಅಂದರೆ ಸಿಟ್ಟು ಅವರದ್ದೇ. ‘ಸದಸ್ಯರನ್ನು ಕೆರಳಿಸಿದರು’ ಅಂದ ಕೂಡಲೇ ತಪ್ಪು ಇನ್ನೊಬ್ಬರ ತಲೆಗೆ ಹೋಯಿತು. ಕೆಣಕುವುದಂತೂ ಬೇಕೂಂತಲೇ ಮಾಡುವ ಕೆಲಸ. ಅಧ್ಯಕ್ಷರನ್ನು ಕೆಣಕಿದರು ಎಂದು ಬರೆಯಬೇಕಾದರೆ ಕೆಣಕಿದವರ ಮನಸ್ಸಿನಲ್ಲಿ ಏನಿತ್ತು ಅಂತ ನಮಗೆ ಗೊತ್ತಿರಬೇಕಲ್ವಾ? ಎತ್ತಿಕಟ್ಟಲು ಮೂರು ಜನ ಬೇಕು. ಇಬ್ಬರ ಜಗಳಕ್ಕೆ ಆ ಪದ ಹಾಕಿದರೆ, ಮೂರನೆಯವ ಯಾರು ಅಂತ ಓದುಗ ಹುಡುಕುತ್ತಾನೆ. ಚಿತಾವಣೆ ಇನ್ನೂ ಅಪಾಯ. ಅಲ್ಲಿ ಮೂರನೆಯವ ಪರದೆಯ ಹಿಂದೆ ಇರುತ್ತಾನೆ, ಸಾಕ್ಷಿ ನಮ್ಮ ಹತ್ತಿರ ಇರುವುದಿಲ್ಲ. ಹಳ್ಳಿ ಕಡೆ ಇದನ್ನೇ ‘ಯಾರೋ ಕೀ ಕೊಟ್ಟವ್ರೆ’, ‘ಹುಳಿ ಹಿಂಡವ್ರೆ’ ಅನ್ನುತ್ತಾರೆ. ಬಾಯಿಮಾತಿನಲ್ಲಿ ನಡೆಯುತ್ತದೆ. ಅಚ್ಚಾದರೆ ಯಾರದ್ದೋ ಫೈಲಿಗೆ ಹೋಗಿ ಕೂರುತ್ತದೆ.

ಕ್ರೀಡಾ ಪುಟದವರದ್ದು ಸುಖದ ಬದುಕು. ಪಂದ್ಯ ಕುತೂಹಲ ಕೆರಳಿಸುತ್ತದೆ, ಕೋಚ್ ಹುಡುಗರನ್ನು ಹುರಿದುಂಬಿಸುತ್ತಾರೆ, ಯಾರಿಗೂ ನೋಟಿಸ್ ಬರುವುದಿಲ್ಲ.

ವೆಬ್ ಡೆಸ್ಕಿನವರಿಗೆ ಇದೆಲ್ಲ ಅತಿ ಅನ್ನಿಸುತ್ತದೆ. ಅವರಿಗೆ ಕ್ಲಿಕ್ ಬೇಕು. ಮ್ಯಾನೇಜ್‌ಮೆಂಟ್ ಪ್ರತಿ ಮೀಟಿಂಗಿನಲ್ಲೂ ‘ಹೆಡ್ಡಿಂಗ್‌ನಲ್ಲಿ ಪಂಚ್ ಇಲ್ಲ’ ಅನ್ನುತ್ತದೆ. ಕನ್ವರ್ಟರ್ ಬದಲಿಸಿ ಎಂದು ಕೇಳಿದರೆ ಮಾತ್ರ ಬಜೆಟ್ ಇಲ್ಲ.

ನನ್ನ ಪುಟದಲ್ಲಿ ಈಗ ಇಷ್ಟು ಮಾಡುತ್ತೇನೆ. ಕುಮ್ಮಕ್ಕು, ಚಿತಾವಣೆ ಬಂದರೆ ಫೋನ್ ಎತ್ತುತ್ತೇನೆ. ‘ಯಾರು ಏನು ಮಾಡಿದ್ರು, ಅದನ್ನ ಹೇಳಪ್ಪ’ ಎನ್ನುತ್ತೇನೆ. ಮಜ್ಜಿಗೆ ಕೊಟ್ಟರೆ ಮಜ್ಜಿಗೆ ಕೊಟ್ಟರು ಎಂದೇ ಹೋಗುತ್ತದೆ. ಪ್ರಚೋದನೆ ಎಂಬುದು ಎಫ್‌ಐಆರ್‌ನಲ್ಲಿ ಇದ್ದರೆ ಮಾತ್ರ ಹಾಕುತ್ತೇನೆ, ಅದೂ ಸೆಕ್ಷನ್ ಜೊತೆಗೆ. ಅಲ್ಲೂ ಒಂದು ಗೋಳಿದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹೊಸ ಪ್ರಕರಣಗಳಿಗೆ ಗಲಭೆಗೆ ಪ್ರಚೋದನೆ 192, ಆತ್ಮಹತ್ಯೆಗೆ ಪ್ರಚೋದನೆ 108. ನಮ್ಮ ಸ್ಟ್ರಿಂಗರ್‌ಗಳು ಇನ್ನೂ ಹಳೆಯ ಐಪಿಸಿಯ 153, 306 ಎಂದೇ ಕಳಿಸುತ್ತಾರೆ. ನಿನ್ನೆಯೂ ಒಂದು ಬಂತು. ಫೋನ್ ಮಾಡಿದರೆ, ‘ಹಳೇ ಕಾಪಿ ಮೇಲೇ ಟೈಪ್ ಮಾಡಿದ್ದೆ ಸರ್, ನೀವೇ ನೋಡ್ಕೊಳ್ಳಿ’ ಅಂತಾನೆ.