ಕೋಡಿಬಾಗದಲ್ಲಿ ಮನೆ ನೋಡುವವರು ಮೊದಲು ಬಾವಿ ನೋಡಿ

ಕಾರವಾರದ ಉತ್ತರದ ತುದಿ ಕೋಡಿಬಾಗ. ಕಾಳಿ ನದಿ ಸಮುದ್ರ ಸೇರುವುದು ಇಲ್ಲೇ, ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಸದಾಶಿವಗಡ, ಮಾಜಾಳಿ ಕಡೆಯ ಬಸ್ಸುಗಳೆಲ್ಲ ಈ ದಾರಿಯಲ್ಲೇ ಹೋಗುವುದರಿಂದ ಪೇಟೆಗೆ ಓಡಾಡಲು ತೊಂದರೆಯಿಲ್ಲ. ರೈಲಿಗೆ ಮಾತ್ರ ಶಿರವಾಡದವರೆಗೆ ಹೋಗಬೇಕು. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಕಾಳಿ ಸೇತುವೆ ಕುಸಿದ ಮೇಲೆ ಎರಡೂ ದಿಕ್ಕಿನ ವಾಹನಗಳು ಹೊಸ ಸೇತುವೆಗೇ ಬಂದವು. ನದಿಯಾಚೆ ಕೆಲಸವಿರುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಇಲ್ಲಿ ಮನೆ ಆರಿಸುವುದೆಂದರೆ ನೀರನ್ನು ಆರಿಸಿದಂತೆ. ಮೇ ತಿಂಗಳಲ್ಲಿ ವರ್ಗವಾಗಿ ಬರುವವರಿಗೆ ಒಂದು ಅನುಕೂಲವಿದೆ: ಬಾವಿಯ ನಿಜವಾದ ರುಚಿ ಗೊತ್ತಾಗುವುದು ಆಗಲೇ. ಕೊಡಪಾನ ಎತ್ತಿಸಿ ಕುಡಿದು ನೋಡಿ, ಸಾಬೂನು ಹಚ್ಚಿ ನೊರೆ ಬರುತ್ತದೆಯೇ ನೋಡಿ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಇದ್ದರೆ ಲೀಟರಿಗೆ 500 ಮಿಲಿಗ್ರಾಂ ಒಳಗಿನದು ಒಳ್ಳೆಯದು, 2000 ದಾಟಿದ್ದು ಕುಡಿಯಲು ಬೇಡವೇ ಬೇಡ. ಕರಾವಳಿಯ ಮರಳಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತಿದ್ದರೆ, ಆ ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ದೊಡ್ಡ ಪಂಪು ಹಾಕಿ ಮೇಲಿನ ಒಂದಡಿ ಎಳೆದುಬಿಟ್ಟರೆ ಅಡಿಯ ಉಪ್ಪು ಮೇಲೇರತೊಡಗುತ್ತದೆ. ಒಮ್ಮೆ ಸವಳಾದ ಬಾವಿ ಮತ್ತೆ ಸಿಹಿಯಾಗಲು ಮಳೆಗಾಲವೇ ಬರಬೇಕು. ಆದ್ದರಿಂದ ಚಿಕ್ಕ ಪಂಪು ಇಟ್ಟು, ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಎತ್ತುವುದೇ ಸರಿ. ಪಕ್ಕದ ಮನೆಯವರು ಬೋರ್ ಹೊಡೆಸಿದ್ದಾರೋ ಎಂದೂ ಕೇಳಿಕೊಳ್ಳಿ. ನಿಮ್ಮ ಬಾವಿ ಅದರಿಂದಲೂ ಕೆಡಬಹುದು.

ನದಿಯಂಚಿನ ತಗ್ಗು ಜಾಗದ ಮನೆಯಾದರೆ ಗಟಾರ ಎಲ್ಲಿಗೆ ಬೀಳುತ್ತದೆ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದ (ಉಬ್ಬರದ) ಹೊತ್ತಿಗೇ ಜೋರು ಮಳೆ ಹಿಡಿದರೆ ಗಟಾರದ ನೀರು ನದಿಗೆ ಇಳಿಯದೆ ಅಂಗಳಕ್ಕೆ ತಿರುಗುತ್ತದೆ. ಇಳಿತ ಶುರುವಾಗುವವರೆಗೆ ಯಾರೂ ಏನೂ ಮಾಡುವಂತಿಲ್ಲ.

ಹೊಸದಾಗಿ ಬಣ್ಣ ಬಳಿದ ಗೋಡೆ ನೋಡಿ ಮನಸೋಲಬೇಡಿ. ಕತ್ತೆತ್ತಿ ಕಿಟಕಿ ಮೇಲಿನ ಕಾಂಕ್ರೀಟು ಸಜ್ಜೆಯ ಅಡಿಭಾಗ ನೋಡಿ. ಉದ್ದಕ್ಕೆ ಸೀಳು, ಅದರ ಪಕ್ಕ ಕಂದು ಕಲೆ ಕಂಡರೆ ಒಳಗಿನ ಸರಳು ತುಕ್ಕು ಹಿಡಿದಿದೆ ಎಂದೇ ಅರ್ಥ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಅದೇ ಒತ್ತಿ ಕಾಂಕ್ರೀಟನ್ನು ಹಕ್ಕಳೆಯಂತೆ ಉದುರಿಸುತ್ತದೆ. ಕರಾವಳಿಯಲ್ಲಿ ಸರಳಿನ ಮೇಲೆ 45 ಮಿ.ಮೀ. ಕಾಂಕ್ರೀಟು ಇರಬೇಕು. ಹಳೆಯ ಮನೆಗಳಲ್ಲಿ ಅಷ್ಟು ಬಿಟ್ಟಿರುವುದು ಅಪರೂಪ. ಸೀಳಿನ ಮೇಲೆ ಸಿಮೆಂಟು ಮೆತ್ತಿದರೆ ಒಳಗಿನ ತುಕ್ಕು ನಿಲ್ಲುವುದಿಲ್ಲ.

ಚಿರೆಕಲ್ಲಿನ ಹಂಚಿನ ಮನೆ ಸಿಕ್ಕರೆ ಬಿಡಬೇಡಿ, ಸೆಕೆಗೆ ಅದರಷ್ಟು ಹಿತ ಬೇರೆಯಿಲ್ಲ. ಆದರೆ ಚಿರೆಕಲ್ಲು ನೀರು ಕುಡಿಯುತ್ತದೆ. ಪಡುವಣ ಗೋಡೆಗೆ ಮಳೆ ಅಡ್ಡಲಾಗಿ ಹೊಡೆಯುವುದರಿಂದ ಆ ಬದಿಗೆ ತಗಡನ್ನೋ ತೆಂಗಿನ ಮಡಲಿನ ತಟ್ಟಿಯನ್ನೋ ಕಟ್ಟಲೇಬೇಕು. ಅದರ ಖರ್ಚು ಮಾಲೀಕರದೋ ನಿಮ್ಮದೋ ಎಂದು ಮೇ ತಿಂಗಳಲ್ಲೇ ಮಾತಾಡಿಕೊಳ್ಳಿ. ಮಳೆ ಹಿಡಿದ ಮೇಲೆ ತಟ್ಟಿ ಕಟ್ಟಲು ಆಳು ಸಿಗುವುದು ಕಷ್ಟ.